ರಾತ್ರಿ ಪಾಳಿಯವರ ನಿದ್ದೆ ಮತ್ತು ಹೃದಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಬಿ.ಪಿ. ಬಗ್ಗೆ ಬರೆಯುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ರಾತ್ರಿ ಪಾಳಿ ಮಾಡುವವರು ಬಿ.ಪಿ. ಕಡೆ ಇನ್ನೂ ಜಾಸ್ತಿ ಗಮನ ಕೊಡಬೇಕು ಅಂತ. ಆ ಒಂದು ಸಾಲು ಹಿಡಿದುಕೊಂಡು ಉದ್ಯಮಬಾಗದಿಂದ, ಮಚ್ಛೆಯಿಂದ, ಮುಧೋಳ ಕಡೆಯ ಹಳ್ಳಿಗಳಿಂದ, ವಿಜಯಪುರದಿಂದ, ಕೂಡಗಿಯಿಂದ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಪಾಳಿ ಕೆಲಸದವರಿಗೆ.

ನನ್ನ ದವಾಖಾನೆ ಇರುವುದು ಬೆಳಗಾವಿಯ ಖಾನಾಪುರ ರಸ್ತೆಯಲ್ಲಿ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನೈಟ್ ಮುಗಿಸಿದವರು ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕಟ್ಟೆ ಮೇಲೆ ಕೂತಿರುತ್ತಾರೆ. ಅವರು ಕೇಳುವ ಪ್ರಶ್ನೆಗಳೂ ಇವೇ. ಬಂದ ಪತ್ರಗಳಲ್ಲಿ ಒಂದು ಮಾತ್ರ ಕಾಯುವಂಥದ್ದಲ್ಲ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ನಾನು ಬಸ್ ಚಾಲಕ, ವಯಸ್ಸು 51. ಜಾಸ್ತಿ ರಾತ್ರಿ ಬಸ್ಸೇ ಓಡಿಸುವುದು. ಎರಡು ತಿಂಗಳಿಂದ ನಸುಕಿನ ನಾಲ್ಕರ ಸುಮಾರಿಗೆ ಎದೆ ನಡುವೆ ಉರಿ, ಬಿಗಿತ, ಬೆವರು. ಬಸ್ ನಿಲ್ಲಿಸಿ ಸೋಡಾ ಕುಡಿದು ಹತ್ತು ನಿಮಿಷ ಕೂತರೆ ಕಡಿಮೆ ಆಗುತ್ತದೆ. ಈಗೀಗ ಮನೆಯ ಮೆಟ್ಟಿಲು ಹತ್ತುವಾಗಲೂ ಬರುತ್ತಿದೆ. ರಾತ್ರಿ ಧಾಬಾ ಊಟದಿಂದ ಗ್ಯಾಸ್ ಆಗಿರಬೇಕು. ಯಾವ ಮಾತ್ರೆ ಒಳ್ಳೆಯದು? (ಒಬ್ಬ ಚಾಲಕ, ಬಾಗಲಕೋಟೆ)

ಉತ್ತರ: ಅಣ್ಣಾ, ನಿಮ್ಮ ಪತ್ರದಲ್ಲಿ ಫೋನ್ ನಂಬರ್ ಇದ್ದಿದ್ದರೆ ಓದಿದ ತಕ್ಷಣ ಫೋನ್ ಮಾಡುತ್ತಿದ್ದೆ. ಗ್ಯಾಸಿನ ಮಾತ್ರೆ ಹೆಸರು ಬರೆಯುವುದಿಲ್ಲ. ಮೆಟ್ಟಿಲು ಹತ್ತಿದರೆ ಬರುವ, ಕೂತರೆ ಹೋಗುವ ಬಿಗಿತ ಗ್ಯಾಸ್ ಇರಲಿಕ್ಕಿಲ್ಲ. ಹೃದಯಕ್ಕೆ ರಕ್ತ ಸಾಲದೆ ಬರುವ ನೋವು ಹೀಗೇ ಇರುತ್ತದೆ. ಅದೂ ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದೆ ಅಂದರೆ ತಡ ಮಾಡುವ ಮಾತೇ ಇಲ್ಲ. ಈ ಪತ್ರಿಕೆ ಕೈಗೆ ಬಂದ ದಿನವೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಅದು ಚೆನ್ನಾಗಿದೆ ಅಂತ ಬಂದರೂ ಮನೆಗೆ ವಾಪಸ್ ಬರಬೇಡಿ. ನೋವು ಇಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ನನಗೆ ಬರೆದದ್ದನ್ನು ಒಂದಕ್ಷರ ಬಿಡದೆ ಅಲ್ಲಿನ ಡಾಕ್ಟರಿಗೂ ಹೇಳಿ, ಮುಂದಿನ ಪರೀಕ್ಷೆಗಳನ್ನು ಕೇಳಿ. ಅವರು ಸರಿ ಅನ್ನುವವರೆಗೂ ಸ್ಟೇರಿಂಗ್ ಮುಟ್ಟಬೇಡಿ. ನಿಮ್ಮ ಹಿಂದೆ ಬಸ್ ತುಂಬ ಜನ ಮಲಗಿರುತ್ತಾರೆ.

ಇದನ್ನು ಓದುವ ಎಲ್ಲರಿಗೂ ಒಂದು ಮಾತು. ಎದೆಯಲ್ಲಿ ಭಾರ ಇಟ್ಟಂತಾಗಿ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದು, ತಣ್ಣನೆ ಬೆವರು ಬಂದು, ಕೂತರೂ ಕಡಿಮೆ ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಣ್ಣುಮಕ್ಕಳಿಗೆ ನೋವೇ ಇಲ್ಲದೆ ಬರೀ ದಮ್ಮು, ವಾಕರಿಕೆ, ವಿಪರೀತ ಸುಸ್ತು ಅಷ್ಟೇ ಇರಬಹುದು. ದೂರದ ದೊಡ್ಡ ಆಸ್ಪತ್ರೆ ಹುಡುಕುತ್ತಾ ಹೊತ್ತು ಕಳೆಯಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ಹೃದಯ ತಜ್ಞರ ಸಲಹೆ ಪಡೆದು, ರಕ್ತದ ಗರಣೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಔಷಧಿ ಅದು. ನೋವು ಶುರುವಾದ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಹೃದಯದ ಮಾಂಸಖಂಡ ಉಳಿಯುತ್ತದೆ. ಆ ಗಂಟೆಗಳು ಸೋಡಾ ಅಂಗಡಿ ಮುಂದೆ ಕಳೆದುಹೋಗುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ನನಗೆ 43 ವರ್ಷ. ಫೌಂಡ್ರಿಯಲ್ಲಿ ಫರ್ನೇಸ್ ಮೇಲೆ ಕೆಲಸ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ನೈಟ್ ಇದ್ದಾಗ ಬೆಳಗ್ಗೆ ಒಂಬತ್ತಕ್ಕೆ ಮಲಗಿದರೆ ಒಂದು ಗಂಟೆಗೆಲ್ಲ ಎಚ್ಚರ. ಆಮೇಲೆ ಏನ್ ಮಾಡಿದ್ರೂ ನಿದ್ದಿ ಹತ್ತವಲ್ದು. ತಪಾಸಣೆಯಲ್ಲಿ ಬಿ.ಪಿ. 150/96 ಬಂತು. ಮನೆಯಲ್ಲಿ ಯಾರಿಗೂ ಬಿ.ಪಿ. ಇಲ್ಲ. ನಿದ್ದೆಗೂ ಬಿ.ಪಿ.ಗೂ ಸಂಬಂಧ ಇದೆಯಾ? ಮಾತ್ರೆ ಶುರು ಮಾಡಿದರೆ ಸಾಯುವವರೆಗೂ ಬಿಡುವಂತಿಲ್ಲ ಅಂತ ಗೆಳೆಯರು ಹೆದರಿಸುತ್ತಾರೆ. (ಓದುಗರು, ಮಚ್ಛೆ)

ಉತ್ತರ: ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆ ಹತ್ತಾರು ಪತ್ರಗಳಲ್ಲಿದೆ.

ನಮ್ಮ ಮೆದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ಜೀವಕೋಶಗಳ ಒಂದು ಸಣ್ಣ ಗುಂಪಿದೆ. ದೇಹದ ಗಡಿಯಾರ ಅಂದರೆ ಅದೇ. ಬೆಳಕು ನೋಡಿ ಅದು ಹೊತ್ತು ತಿಳಿಯುತ್ತದೆ. ಹೃದಯ, ಲಿವರ್, ಮೇದೋಜೀರಕ ಗ್ರಂಥಿ, ಇವುಗಳಲ್ಲೂ ಬೇರೆ ಬೇರೆ ಸಣ್ಣ ಗಡಿಯಾರಗಳಿವೆ. ಜೀವಕೋಶದೊಳಗೆ ಇದು ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೇ 2017ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂದದ್ದು. ನೀವು ಪಾಳಿ ಬದಲಿಸಿದ ಮಾತ್ರಕ್ಕೆ ಈ ಗಡಿಯಾರ ಬದಲಾಗುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ದಣಿವಿನ ಭಾರಕ್ಕೆ ನಿದ್ದೆ ಹತ್ತುತ್ತದೆ. ಮೂರು ನಾಲ್ಕು ಗಂಟೆಯಲ್ಲಿ ಆ ಭಾರ ಅರ್ಧ ಇಳಿಯುತ್ತದೆ. ಅಷ್ಟೊತ್ತಿಗೆ ಹೊರಗೆ ನಡುಮಧ್ಯಾಹ್ನ, ಮೈಬಿಸಿ ಏರುತ್ತಿರುತ್ತದೆ, ಗಡಿಯಾರ ಏಳು ಅನ್ನುತ್ತಿರುತ್ತದೆ. ಒಂದು ಗಂಟೆಗೆ ನಿಮಗೆ ಎಚ್ಚರ ಆಗುವುದು ಇದಕ್ಕೇ. ನಿಮ್ಮ ಮನಸ್ಸಿನ ದೋಷ ಏನೂ ಇಲ್ಲ.

ಈಗ ಬಿ.ಪಿ.ಗೆ ಬರೋಣ. ಆರೋಗ್ಯವಂತರಲ್ಲಿ ರಾತ್ರಿ ನಿದ್ದೆಯಲ್ಲಿ ಬಿ.ಪಿ. ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ದಿನವಿಡೀ ಗಳೆ ಹೊಡೆದ ಎತ್ತಿಗೆ ಸಂಜೆ ನೊಗ ಇಳಿಸುತ್ತೇವಲ್ಲ, ಹೃದಯಕ್ಕೂ ರಕ್ತನಾಳಕ್ಕೂ ಆ ಇಳಿತ ಹಾಗೆ. ರಾತ್ರಿ ಎಚ್ಚರವಿದ್ದು, ಹಗಲು ತುಂಡು ತುಂಡು ನಿದ್ದೆ ಮಾಡುವವರಲ್ಲಿ ಈ ಇಳಿತ ಪೂರ್ತಿ ಸಿಗುವುದಿಲ್ಲ. ಬಾಸ್ಟನ್ನಿನಲ್ಲಿ 10 ಜನ ಆರೋಗ್ಯವಂತರನ್ನು ಪ್ರಯೋಗಾಲಯದಲ್ಲಿಟ್ಟು, ದಿನವನ್ನು 28 ಗಂಟೆಗೆ ಎಳೆದು, ಊಟ ನಿದ್ದೆಯ ಹೊತ್ತನ್ನು ದೇಹದ ಗಡಿಯಾರದಿಂದ ತಪ್ಪಿಸಿ ನೋಡಿದರು. 2009ರಲ್ಲಿ ಅದರ ಫಲಿತಾಂಶ ಬಂತು. ಹಗಲು ರಾತ್ರಿ ಪೂರ್ತಿ ಅದಲು ಬದಲಾದಾಗ ಬಿ.ಪಿ. ಏರಿತ್ತು, ರಕ್ತದ ಸಕ್ಕರೆಯೂ ಏರಿತ್ತು. ಕೆಲವರ ಸಕ್ಕರೆ ಮಧುಮೇಹದ ಹೊಸ್ತಿಲಿಗೆ ಹೋಗಿತ್ತು. ಅವರ್ಯಾರೂ ರೋಗಿಗಳಲ್ಲ, ಮತ್ತು ಇದೆಲ್ಲ ಆದದ್ದು ಕೆಲವೇ ದಿನಗಳಲ್ಲಿ.

ಕಾರ್ಖಾನೆಯವರ ಲೆಕ್ಕವೂ ಇದೆ. ಸ್ವೀಡನ್ನಿನ ಒಂದು ಕಾಗದ ಕಾರ್ಖಾನೆಯ 504 ಜನರನ್ನು 15 ವರ್ಷ ಗಮನಿಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಳಿಯ ವರ್ಷಗಳು ಹೆಚ್ಚಿದಂತೆ ಹೃದಯದ ಕಾಯಿಲೆಯೂ ಹೆಚ್ಚಿತ್ತು. 2012ರಲ್ಲಿ 34 ಅಧ್ಯಯನಗಳ 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಹಾಕಿ ನೋಡಿದಾಗ, ಪಾಳಿ ಕೆಲಸದವರಲ್ಲಿ ಹೃದಯಾಘಾತ ಶೇಕಡಾ 23ರಷ್ಟು ಜಾಸ್ತಿ ಕಂಡಿತು. ಈ 23 ಕೇಳಿ ಗಾಬರಿಯಾಗಬೇಡಿ. ಹಗಲು ಕೆಲಸದ ನೂರು ಜನರಲ್ಲಿ ಐವರಿಗೆ ಆಗುವ ಕಡೆ ಪಾಳಿಯವರಲ್ಲಿ ಆರು ಜನರಿಗೆ ಆಗುತ್ತದೆ, ಹೆಚ್ಚುಕಡಿಮೆ ಅಷ್ಟು. ಬೀಡಿ, ಬಿ.ಪಿ., ಸಕ್ಕರೆ, ಬೊಜ್ಜು, ಇವು ತರುವ ಅಪಾಯ ಇದಕ್ಕಿಂತ ದೊಡ್ಡದು. ಆದರೆ ನಿದ್ದೆಗೆಟ್ಟ ಪಾಳಿ ಈ ನಾಲ್ಕನ್ನೂ ಹತ್ತಿರ ಕರೆಯುತ್ತದೆ. ನನಗೆ ಚಿಂತೆ ಇರುವುದು ಅಲ್ಲೇ.

ನಿಮ್ಮ 150/96 ಒಂದೇ ಸಲದ್ದು. ನೈಟ್ ಮುಗಿಸಿ ಹಾಗೇ ತಪಾಸಣೆಗೆ ನಿಂತಿದ್ದರೆ ಸ್ವಲ್ಪ ಜಾಸ್ತಿ ತೋರಿಸಿರಬಹುದು. ತೋಳಿಗೆ ಪಟ್ಟಿ ಕಟ್ಟುವ ಬಿ.ಪಿ. ಮೆಷಿನ್ ತನ್ನಿ, ಮಣಿಕಟ್ಟಿನದು ಬೇಡ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕೈ ಎದೆಯ ಮಟ್ಟಕ್ಕಿಟ್ಟು ಎರಡು ಸಲ ನೋಡಿ. ಒಂದು ವಾರ ಡೇ ಶಿಫ್ಟಿನಲ್ಲಿ, ಒಂದು ವಾರ ನೈಟಿನಲ್ಲಿ ಬರೆದಿಡಿ. ನೈಟ್ ವಾರದಲ್ಲಿ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಪಕ್ಕದಲ್ಲಿ ಎಷ್ಟು ಗಂಟೆ ನಿದ್ದೆ ಆಯಿತು ಅಂತಲೂ ಬರೆಯಿರಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಅದು ಬಿ.ಪಿ.ಯೇ. ನನ್ನ ಬಳಿ ಬರುವವರಿಗೆ ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಇದನ್ನೇ ಬರೆಸುತ್ತೇನೆ. ನೈಟ್ ವಾರದ ಪುಟ ಡೇ ವಾರದ ಪುಟ ಪಕ್ಕ ಪಕ್ಕ ಇಟ್ಟಾಗ, ಎಷ್ಟೋ ಜನ ನಾನು ಏನೂ ಹೇಳುವ ಮುಂಚೆಯೇ ತಲೆ ಅಲ್ಲಾಡಿಸುತ್ತಾರೆ.

ಮಾತ್ರೆ ಬೇಕಾದರೆ ತೆಗೆದುಕೊಳ್ಳಿ, ಹೆದರಬೇಡಿ. ತೂಕ ಇಳಿದು, ಉಪ್ಪು ಕಡಿಮೆಯಾಗಿ, ನಿದ್ದೆ ಸರಿಹೋದವರಲ್ಲಿ ಡೋಸ್ ಇಳಿಸಿದ್ದೂ ಇದೆ, ಕೆಲವರಲ್ಲಿ ನಿಲ್ಲಿಸಿದ್ದೂ ಇದೆ. ಆದರೆ ಅದನ್ನು ಡಾಕ್ಟರ್ ನೋಡಿ ಮಾಡಬೇಕು. ಒಂದು ಮಾತು ಮರೆಯದೆ ಹೇಳಿ: ನಿಮ್ಮ ಕೆಲಸ ಫರ್ನೇಸ್ ಮುಂದೆ ಅಂತ. 1,400 ಡಿಗ್ರಿ ಆಸುಪಾಸಿನ ಕಬ್ಬಿಣದ ರಸದ ಹತ್ತಿರ ನಿಂತವರ ಅಂಗಿ ಬೆವರಿಗೆ ಒದ್ದೆಯಾಗಿ, ಒಣಗಿ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಅಂಥವರಿಗೆ ಮೂತ್ರ ಹೆಚ್ಚು ಮಾಡಿಸುವ ಬಿ.ಪಿ. ಮಾತ್ರೆ ಕೊಟ್ಟರೆ ತಲೆ ಸುತ್ತಿ ಬೀಳಬಹುದು. ಫರ್ನೇಸ್ ಮುಂದೆ ತಲೆ ಸುತ್ತುವುದು ಎಂಥ ಅಪಾಯ ಅಂತ ನಿಮಗೇ ಗೊತ್ತು. ಡಾಕ್ಟರಿಗೆ ಗೊತ್ತಿದ್ದರೆ ಬೇರೆ ಮಾತ್ರೆ ಕೊಡುತ್ತಾರೆ.

ನಿದ್ದೆಗೆ ನನ್ನ ಸಲಹೆ ಇಷ್ಟು. ಒಂದೇ ಸಲಕ್ಕೆ ಏಳು ಗಂಟೆ ಆಗಲಿಲ್ಲ ಅಂತ ಒದ್ದಾಡಬೇಡಿ. ಬೆಳಗ್ಗೆ ನಾಲ್ಕೂವರೆ ಐದು ಗಂಟೆ ಮಲಗಿ. ಸಂಜೆ ಕೆಲಸಕ್ಕೆ ಹೊರಡುವ ಮುಂಚೆ ಮತ್ತೆ ಒಂದೂವರೆ ಎರಡು ಗಂಟೆ. ಎರಡೂ ಸೇರಿ ಏಳರ ಹತ್ತಿರ ಬರಲಿ. ಒಂದು ಗಂಟೆಗೆ ಎಚ್ಚರ ಆದಾಗ ಮೊಬೈಲ್ ಎತ್ತಿಕೊಳ್ಳುವ ಬದಲು ಕತ್ತಲಲ್ಲೇ ಕಣ್ಣು ಮುಚ್ಚಿ ಮಲಗಿರಿ. ಎಷ್ಟೋ ದಿನ ಮತ್ತೆ ಜೋಂಪು ಹತ್ತುತ್ತದೆ.

ಪ್ರಶ್ನೆ: ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ. ಕಬ್ಬಿನ ಹಂಗಾಮು ಶುರುವಾದರೆ ರಾತ್ರಿ 12ರಿಂದ ಬೆಳಗ್ಗೆ 8ರ ಪಾಳಿ ಬರುತ್ತಲೇ ಇರುತ್ತದೆ. ಮನೆ ತುಂಬ ಜನ. ಹಗಲು ಮಲಗಿದರೆ ಮನೆಗೆ ಒಳ್ಳೆಯದಲ್ಲ ಅಂತ ಅತ್ತೆಯವರು ಹನ್ನೊಂದಕ್ಕೆ ಎಬ್ಬಿಸುತ್ತಾರೆ. ನಮ್ಮ ಮನೆಯವರ ಗೊರಕೆ ಓಣಿಗೆಲ್ಲ ಕೇಳುತ್ತದೆ. ನಡುನಡುವೆ ಉಸಿರು ನಿಂತಂತಾಗಿ, ಆಮೇಲೆ ದಪ್ಪಂತ ಎಳೆದುಕೊಳ್ಳುತ್ತಾರೆ. ಊಟಕ್ಕೆ ಕೂತಲ್ಲೇ ತೂಕಡಿಸುತ್ತಾರೆ. ಭಯ ಆಗುತ್ತದೆ. (ಓದುಗರು, ಮುಧೋಳ ತಾಲ್ಲೂಕು)

ಉತ್ತರ: ತಂಗಿ, ನೀವು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು. ಮಲಗಿದವರಿಗೆ ತಮ್ಮ ಉಸಿರು ನಿಲ್ಲುವುದು ಗೊತ್ತೇ ಆಗುವುದಿಲ್ಲ. ಪಕ್ಕದವರು ಹೇಳಿದರೇ ಡಾಕ್ಟರಿಗೂ ತಿಳಿಯುವುದು.

ಇದಕ್ಕೆ ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಅರೆ ಎಚ್ಚರ ಮಾಡಿಸುತ್ತದೆ, ಬಿ.ಪಿ. ಜಿಗಿಯುತ್ತದೆ. ಗಂಟೆಗೆ ಹತ್ತಾರು ಸಲ ಹೀಗಾದರೆ ಎಂಟು ಗಂಟೆ ಮಲಗಿದರೂ ವಿಶ್ರಾಂತಿ ಇಲ್ಲ. ಎರಡು ಮೂರು ಮಾತ್ರೆಗೂ ಬಗ್ಗದ ಬಿ.ಪಿ., ಹೃದಯ ಬಡಿತದ ಏರುಪೇರು, ಇವುಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಪಾಳಿಯ ನಿದ್ದೆಗೇಡು ಇದರ ಮೇಲೆ ಬಿದ್ದರೆ ಹೃದಯಕ್ಕೆ ಎರಡು ಕಡೆಯ ಏಟು. ಟೇಪ್ ತೆಗೆದುಕೊಂಡು ಅವರ ಕುತ್ತಿಗೆಯ ಸುತ್ತಳತೆ ನೋಡಿ. 40 ಸೆಂಟಿಮೀಟರ್ ದಾಟಿದ್ದರೆ ಅನುಮಾನ ಇನ್ನೂ ಜಾಸ್ತಿ. ಅವರ ಗೊರಕೆ, ಉಸಿರು ನಿಲ್ಲುವುದು ಎರಡನ್ನೂ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಫಿಜಿಶಿಯನ್ನಿಗೋ, ಕಿವಿ-ಮೂಗು-ಗಂಟಲು ಡಾಕ್ಟರಿಗೋ ತೋರಿಸಿ. ಸ್ಲೀಪ್ ಸ್ಟಡಿ ಅಂತ ಮಾಡುತ್ತಾರೆ, ಮೈಗೆ ತಂತಿ ಅಂಟಿಸಿ ಮಲಗಿಸಿ ಉಸಿರು ಅಳೆಯುವುದು ಅಷ್ಟೇ. ಇದೆ ಅಂತ ಗೊತ್ತಾದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಜಾಸ್ತಿ ಇದ್ದವರಿಗೆ ಸಿಪ್ಯಾಪ್ ಅನ್ನುವ ಗಾಳಿ ಮೆಷಿನ್. ಅದರಿಂದ ಹಗಲಿನ ತೂಕಡಿಕೆ ಬಹಳ ಬೇಗ ಕಡಿಮೆ ಆಗುತ್ತದೆ. ಅಲ್ಲಿಯವರೆಗೆ ಬೈಕ್ ಮೇಲೆ ಒಬ್ಬರೇ ಹೋಗಿ ಬರುವುದು ಬೇಡ. ಹಂಗಾಮಿನಲ್ಲಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್ ಇರುತ್ತವೆ, ಹಿಂದಿನ ಟ್ರೇಲರಿಗೆ ಎಷ್ಟೋ ಸಲ ದೀಪವೂ ಇರುವುದಿಲ್ಲ.

ಅತ್ತೆಯವರ ವಿಷಯ. ನಮ್ಮ ತಂದೆಯವರೂ ಹತ್ತಿ ಗಿರಣಿಯಲ್ಲಿ ಪಾಳಿ ಮಾಡಿದವರು. ಅವರು ಮಲಗಿದಾಗ ನಮ್ಮ ಅವ್ವ ಕಿಟಕಿಗೆ ಕೌದಿಯನ್ನು ಎರಡು ಮಡಿಕೆ ಮಾಡಿ ಕಟ್ಟುತ್ತಿದ್ದಳು. ಬಾಗಿಲ ಸರಪಳಿಗೆ ಹಳೆ ಸೀರೆ ಚೂರು ಸುತ್ತುತ್ತಿದ್ದಳು, ಯಾರಾದರೂ ಬಂದು ಬಡಿದರೆ ಸದ್ದಾಗದಿರಲಿ ಅಂತ. ಹುಡುಗರಾದ ನಮಗೆ ಆಟ ಹಿಂದಿನ ಓಣಿಯಲ್ಲಿ. ‘ಅಪ್ಪಗ ಈಗ ರಾತ್ರಿ’ ಅನ್ನುತ್ತಿದ್ದಳು, ಅಷ್ಟೇ, ಬೇರೆ ವಿವರಣೆ ಇರಲಿಲ್ಲ. ಅತ್ತೆಯವರಿಗೆ ನೀವೂ ಹಾಗೇ ಹೇಳಿ. ಹಗಲು ಮಲಗಬಾರದು ಅನ್ನುವ ಮಾತು ರಾತ್ರಿ ಮಲಗಿದವರಿಗೆ ಹೇಳಿದ್ದು. ರಾತ್ರಿಯೆಲ್ಲ ಬಾಯ್ಲರ್ ಸದ್ದಿನಲ್ಲಿ ನಿಂತು ಬಂದ ಮಗನಿಗೆ ಎಂಟೂವರೆಯಿಂದ ಎರಡರವರೆಗೆ ಮನೆಯವರೆಲ್ಲ ರಾತ್ರಿ ಮಾಡಿಕೊಡಬೇಕು. ನಿಮ್ಮ ಮಾತಿಗೆ ಒಪ್ಪದಿದ್ದರೆ ಈ ಪುಟ ಓದಿ ತೋರಿಸಿ, ಡಾಕ್ಟರೇ ಬರೆದಿದ್ದಾರೆ ಅಂತ.

ಬೆಳಕು ಬಹಳ ಮುಖ್ಯ. ಮಾಳಿಗೆ ಮನೆ ಆದರೆ ಬೆಳಕಿಂಡಿಯನ್ನೂ ಮುಚ್ಚಿ. ಫ್ಯಾನ್ ಸದ್ದು ಇರಲಿ, ಅದು ಓಣಿಯ ಸದ್ದನ್ನು ಮುಚ್ಚುತ್ತದೆ. ಫೋನ್ ನಿಮ್ಮ ಕೈಯಲ್ಲಿರಲಿ. ಎದ್ದ ಮೇಲೆ ಮಾತ್ರ ಬಿಸಿಲಿಗೆ ಬಂದು ಕೂರಲಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್, 36 ವರ್ಷ. ತಿಂಗಳಿಗೆ ಒಂದು ವಾರ ನೈಟ್, 11 ವರ್ಷದಿಂದ. ಎರಡನೇ ಬಸಿರಿನಲ್ಲಿ ಬಿ.ಪಿ. ಜಾಸ್ತಿಯಾಗಿತ್ತು, ಆಮೇಲೆ ಸರಿಹೋಯಿತು, ಈಗ ಮತ್ತೆ ಒಂದು ಮಾತ್ರೆ ಶುರು ಮಾಡಿದ್ದಾರೆ. ನೈಟ್ ಇದ್ದಾಗ ಅದನ್ನು ಯಾವಾಗ ತೆಗೆದುಕೊಳ್ಳಲಿ? ಇಷ್ಟು ವರ್ಷದ ನೈಟ್‌ನಿಂದ ಹೃದಯಕ್ಕೆ ಆಗಬೇಕಾದ್ದು ಆಗಿಹೋಗಿದೆಯಾ? (ಓದುಗರು, ವಿಜಯಪುರ)

ಉತ್ತರ: ಆಗಿಹೋಗಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಿಮ್ಮ ವೃತ್ತಿಯವರ ಮೇಲೇ ಮಾಡಿದ ಅಧ್ಯಯನ ನೋಡಿ ಹೇಳುತ್ತಿದ್ದೇನೆ. ಅಮೆರಿಕದಲ್ಲಿ 1976ರಿಂದ ನರ್ಸ್‌ಗಳ ಆರೋಗ್ಯವನ್ನು ದಾಖಲಿಸುತ್ತಾ ಬಂದಿದ್ದಾರೆ. ಸುಮಾರು 1 ಲಕ್ಷ 89 ಸಾವಿರ ನರ್ಸ್‌ಗಳ ಮಾಹಿತಿ 2016ರಲ್ಲಿ ಪ್ರಕಟವಾಯಿತು. ತಿಂಗಳಿಗೆ ಮೂರು ರಾತ್ರಿಯಾದರೂ ಪಾಳಿ ಮಾಡುತ್ತಾ 10 ವರ್ಷ ದಾಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇಕಡಾ 15ರಿಂದ 18ರಷ್ಟು ಜಾಸ್ತಿ ಇತ್ತು. ಅದೇ ಅಧ್ಯಯನದಲ್ಲಿ, ನೈಟ್ ಬಿಟ್ಟು ವರ್ಷಗಳಾದಂತೆ ಆ ಅಪಾಯ ಇಳಿಯುತ್ತಾ ಬಂದದ್ದೂ ಕಂಡಿತು.

ನೀವು ಜಾಸ್ತಿ ಲಕ್ಷ್ಯ ಕೊಡಬೇಕಾದದ್ದು ಬಸಿರಿನ ಬಿ.ಪಿ.ಗೆ. ಬಸಿರಿನಲ್ಲಿ ಬಿ.ಪಿ. ಏರಿದವರಿಗೆ ಮುಂದೆ ಬಿ.ಪಿ., ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೃದಯದ ಡಾಕ್ಟರ್ ಕೇಳದಿದ್ದರೂ ನೀವಾಗಿಯೇ ಹೇಳಿ. ವರ್ಷಕ್ಕೊಮ್ಮೆ ಸಕ್ಕರೆ, ಕೊಲೆಸ್ಟರಾಲ್, ಕಿಡ್ನಿ ಪರೀಕ್ಷೆ ಮಾಡಿಸಿ. ಸಕ್ಕರೆಗೆ ಎಚ್‌ಬಿಎ1ಸಿ ಮಾಡಿಸುವುದು ಮೇಲು. ರಾತ್ರಿ ಎರಡಕ್ಕೆ ಚಹಾ ಬಿಸ್ಕಿಟ್ ತಿಂದವರು ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆ ಅಂತ ರಕ್ತ ಕೊಟ್ಟರೆ ಏನು ಲೆಕ್ಕ ಸಿಗುತ್ತದೆ? ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆಯೇ ಬೇಡ, ಸುಮಾರು ಮೂರು ತಿಂಗಳ ಸರಾಸರಿ ಸಿಗುತ್ತದೆ.

ಮಾತ್ರೆಯ ಹೊತ್ತಿನ ಬಗ್ಗೆ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಿ 2022ರಲ್ಲಿ ಹೇಳಿದ್ದು ಇದು: ಬೆಳಗ್ಗೆ ತೆಗೆದುಕೊಂಡರೂ ಸಂಜೆ ತೆಗೆದುಕೊಂಡರೂ ಹೃದಯಾಘಾತ, ಲಕ್ವದ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ತಪ್ಪಿಸದೆ ತೆಗೆದುಕೊಳ್ಳುವುದೇ ಮುಖ್ಯ. ನೀವು ಸಂಜೆ ಏಳು ಅಂತ ಇಟ್ಟುಕೊಳ್ಳಿ. ಡೇ ಆಗಲಿ ನೈಟ್ ಆಗಲಿ ಆ ಹೊತ್ತಿಗೆ ಎಚ್ಚರ ಇರುತ್ತೀರಿ. ಮೂತ್ರದ ಮಾತ್ರೆ ಆದರೆ ಮಾತ್ರ ಡಾಕ್ಟರನ್ನು ಕೇಳಿ, ಮಲಗುವ ಮುಂಚೆ ಅದು ಬೇಡ.

ಪ್ರಶ್ನೆ: ನನಗೆ 26. ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ. ನೈಟ್ ಅಲೋಯನ್ಸ್ ಸಿಗುತ್ತದೆ ಅಂತ ಕಾಯಂ ನೈಟ್ ಕೇಳೋಣ ಅಂತಿದ್ದೇನೆ. ಪಾಳಿ ಬದಲಾಗದಿದ್ದರೆ ದೇಹ ಒಗ್ಗಿಕೊಳ್ಳುತ್ತದೆ ಅಲ್ವಾ? ರಾತ್ರಿ ಎರಡಕ್ಕೆ ಎಗ್ ರೈಸ್, ಮೂರು ನಾಲ್ಕು ಸಲ ಚಹಾ, ಎಚ್ಚರ ಇರಲು ಗುಟ್ಕಾ. (ಓದುಗ, ಕೂಡಗಿ)

ಉತ್ತರ: ತಮ್ಮಾ, ಒಗ್ಗಿಕೊಳ್ಳುವವರು ಬಹಳ ಕಡಿಮೆ. ರಜೆ ದಿನ ನೀನು ಎಲ್ಲರಂತೆ ಹಗಲು ಎದ್ದು ಊರಲ್ಲಿ ಓಡಾಡುತ್ತೀಯ, ಬೆಳಗ್ಗೆ ಮನೆಗೆ ಬರುವಾಗ ಬಿಸಿಲು ಕಣ್ಣಿಗೆ ಬೀಳುತ್ತದೆ. ಗಡಿಯಾರ ಮತ್ತೆ ಹಗಲಿಗೇ ತಿರುಗುತ್ತದೆ. ಅಲೋಯನ್ಸಿನ ಆಸೆ ಅರ್ಥವಾಗುತ್ತದೆ. ಮನೆಯ ಸಾಲ ಇರಬಹುದು, ತಂಗಿಯ ಮದುವೆ ಇರಬಹುದು. ಕೇಳಲೇಬೇಕಾದರೆ ಇಷ್ಟು ತಿಂಗಳು ಅಂತ ಮಿತಿ ಹಾಕಿಕೊಂಡು ಕೇಳು.

ಊಟ ಬದಲಿಸು, ಅದು ನಿನ್ನ ಕೈಯಲ್ಲೇ ಇದೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 19 ಜನರಿಗೆ ರಾತ್ರಿ ಪಾಳಿಯಂತೆ ಎಚ್ಚರ ಇರಿಸಿದರು. ರಾತ್ರಿಯೂ ಉಂಡವರ ಸಕ್ಕರೆ ಏರಿತು, ಹಗಲಲ್ಲಿ ಮಾತ್ರ ಉಂಡವರಿಗೆ ಏರಲಿಲ್ಲ. ಎರಡು ಗಂಟೆ ರಾತ್ರಿಗೆ ಇನ್ಸುಲಿನ್ ಮಂದ ಇರುತ್ತದೆ, ಆಗ ಎಣ್ಣೆಯಲ್ಲಿ ಹುರಿದ ಅನ್ನ ಬಿದ್ದರೆ ಕಷ್ಟ. ಮನೆ ಬಿಡುವ ಮುಂಚೆ ಎರಡು ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು ಉಂಡು ಹೊರಡು. ನಡುರಾತ್ರಿ ಹಸಿದರೆ ಮಜ್ಜಿಗೆ, ಒಂದು ಹಿಡಿ ಹುರಿಗಡಲೆ, ಒಂದು ಪೇರಲ ಹಣ್ಣು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ರಾತ್ರಿ ಉಪವಾಸ ಇರಬಾರದು.

ಚಹಾ ಪಾಳಿಯ ಮೊದಲ ಅರ್ಧದಲ್ಲಿ ಮುಗಿಸು. ಕುಡಿದು ಐದು ಗಂಟೆಯಾದರೂ ಅದರ ಕೆಫೀನ್ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ. ಗುಟ್ಕಾ ಬಿಡು. ಅದರ ನಿಕೋಟಿನ್ ಬಡಿತ, ಬಿ.ಪಿ. ಎರಡನ್ನೂ ಏರಿಸುತ್ತದೆ. ಬಾಯಿ ಕ್ಯಾನ್ಸರಿನ ಮಾತು ನೀನು ಕೇಳಿಯೇ ಇರುತ್ತೀಯ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರ ಇದೆ, ಹೋಗು.

ಪ್ರಶ್ನೆ: ನೈಟ್ ಮುಗಿಸಿ ಬಂದು ಒಂದು ಕ್ವಾರ್ಟರ್ ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದೆ. ತಪ್ಪೇನು? (ಹೆಸರು ಬೇಡ, ಗೋಕಾಕ)

ಉತ್ತರ: ನಿದ್ದೆ ಬೇಗ ಹತ್ತುತ್ತದೆ ನಿಜ. ಆದರೆ ಎರಡು ಮೂರು ಗಂಟೆಯಲ್ಲಿ ಮದ್ಯ ಇಳಿದಂತೆ ನಿದ್ದೆಯೂ ಒಡೆಯುತ್ತದೆ, ಗೊರಕೆ ಇದ್ದರೆ ಉಸಿರು ನಿಲ್ಲುವುದು ಜಾಸ್ತಿಯಾಗುತ್ತದೆ, ಬಿ.ಪಿ. ಏರುತ್ತದೆ. ಅಂಗಡಿಯಿಂದ ಚೀಟಿ ಇಲ್ಲದೆ ತರುವ ನಿದ್ದೆ ಮಾತ್ರೆಗೂ ನನ್ನ ಉತ್ತರ ಬೇಡ ಅಂತಲೇ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಪ್ರಶ್ನೆ: ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್. 18 ಹುಡುಗರು, ಮೂರು ಪಾಳಿ. ಹೋದ ವರ್ಷ ನೈಟ್ ಮುಗಿಸಿ ಹೊರಟ ಹುಡುಗನೊಬ್ಬ ಬೈಕ್ ಮೇಲೆ ತೂಕಡಿಸಿ ಬಿದ್ದು ಕಾಲು ಮುರಿದುಕೊಂಡ. ಆರ್ಡರ್ ಇದೆ, ನೈಟ್ ನಿಲ್ಲಿಸಲು ಆಗುವುದಿಲ್ಲ. ಪಾಳಿ ಹೇಗೆ ಹಾಕಿದರೆ ಹುಡುಗರಿಗೆ ಕಡಿಮೆ ತೊಂದರೆ? (ಓದುಗರು, ಬೆಳಗಾವಿ)

ಉತ್ತರ: ಮಾಲೀಕರೊಬ್ಬರು ಇದನ್ನು ಕೇಳಿ ಬರೆದರಲ್ಲ, ಬಹಳ ಸಂತೋಷವಾಯಿತು.

ಪಾಳಿ ಮುಂದಕ್ಕೆ ಹೋಗಲಿ: ಬೆಳಗ್ಗೆ, ಆಮೇಲೆ ಸೆಕೆಂಡ್, ಆಮೇಲೆ ನೈಟ್. ನಮ್ಮ ದೇಹದ ಗಡಿಯಾರ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಉದ್ದ. ತಡವಾಗಿ ಮಲಗುವುದು ಅದಕ್ಕೆ ಸುಲಭ, ಬೇಗ ಮಲಗುವುದು ಕಷ್ಟ. ನೈಟಿನಿಂದ ಸೆಕೆಂಡಿಗೆ, ಸೆಕೆಂಡಿನಿಂದ ಫಸ್ಟಿಗೆ ಹಿಂದಕ್ಕೆ ಬರುವ ಪಟ್ಟಿ ನಮ್ಮಲ್ಲಿ ಬಹಳ ಕಡೆ ಇದೆ, ಅದನ್ನು ತಿರುಗಿಸಿ. ಒಂದು ಪಾಳಿ ಮುಗಿದು ಇನ್ನೊಂದಕ್ಕೆ ಕನಿಷ್ಠ 11 ಗಂಟೆ ಬಿಡುವಿರಲಿ. ಯುರೋಪಿನಲ್ಲಿ ಇದು ಕಾನೂನೇ ಆಗಿದೆ. ಯಾರೋ ಬರಲಿಲ್ಲ ಅಂತ ನೈಟ್ ಮಾಡಿದವನನ್ನೇ ಫಸ್ಟ್ ಶಿಫ್ಟಿಗೂ ನಿಲ್ಲಿಸಿಕೊಳ್ಳುವುದು ಮಾತ್ರ ಬೇಡ. 17 ಗಂಟೆ ಎಚ್ಚರವಿದ್ದವರ ಕೈಯ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಅಳೆದು ತೋರಿಸಿದ್ದಾರೆ. ಗಾಡಿ ಓಡಿಸಲು ನಮ್ಮ ಕಾನೂನಿನ ಮಿತಿ 0.03. ಅಂದರೆ ನಿಮ್ಮ ಹುಡುಗ ಒಂದು ಹನಿ ಕುಡಿಯದೆ, ಕುಡಿದವನ ಹಾಗೆ ಖಾನಾಪುರ ರಸ್ತೆಗೆ ಇಳಿದಿದ್ದ.

ನಸುಕಿನ ಮೂರರಿಂದ ಐದರ ನಡುವೆ ಒಬ್ಬರಾದ ಮೇಲೆ ಒಬ್ಬರಿಗೆ ಇಪ್ಪತ್ತು ನಿಮಿಷ ಮಲಗಲು ಬಿಡಿ. ಒಂದು ಚಾಪೆ, ಒಂದು ಫ್ಯಾನ್ ಇರುವ ಮೂಲೆ ಸಾಕು. ಎದ್ದ ಕೂಡಲೇ ಲೇತ್ ಮುಂದೆ ನಿಲ್ಲಿಸಬೇಡಿ, ಮುಖ ತೊಳೆದು ಹತ್ತು ನಿಮಿಷ ಓಡಾಡಲಿ. ಬೆಳಗ್ಗೆ ದೂರದ ಹಳ್ಳಿಗೆ ಹೋಗುವವರನ್ನು ಒಂದು ಟೆಂಪೊ ಮಾಡಿ ಕಳಿಸಿ. ಅದು ಆಗದಿದ್ದರೆ ಅರ್ಧ ಗಂಟೆ ಅಲ್ಲೇ ಮಲಗಿ ಹೋಗಲು ಹೇಳಿ.

ಆಫೀಸಿನಲ್ಲಿ ಒಂದು ಬಿ.ಪಿ. ಮೆಷಿನ್ ಇಡಿ. 35 ದಾಟಿದವರು, ತಂದೆ ಅಣ್ಣಂದಿರಿಗೆ ಹೃದಯದ ತೊಂದರೆ ಇರುವವರು ತಿಂಗಳಿಗೊಮ್ಮೆ ನೋಡಿಕೊಳ್ಳಲಿ. ಬಿ.ಪಿ. ಬಂದವನನ್ನು ಕೆಲಸದಿಂದ ತೆಗೆಯುವುದಿಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಯಾರೂ ಮೆಷಿನ್ ಹತ್ತಿರ ಬರುವುದಿಲ್ಲ. ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಇದ್ದವರಿಗೆ ಮುಂದಿನ ಪರೀಕ್ಷೆ, ಔಷಧಿ ಇಎಸ್‌ಐ ದವಾಖಾನೆಯಲ್ಲೇ ಸಿಗುತ್ತದೆ. ಈಗಿನ ಪಾಳಿ ಪಟ್ಟಿಯ ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಯಾವ ವಾರದಿಂದ ತಿರುಗಿಸಿದರೆ ಯಾರಿಗೂ ಎರಡು ನೈಟ್ ವಾರ ಒಟ್ಟಿಗೆ ಬೀಳುವುದಿಲ್ಲ ಅಂತ ಗುರುತು ಹಾಕಿ ಕಳಿಸುತ್ತೇನೆ.